ಪಾದ್ರಿಯ ಅಂತರಂಗ ಸಂಗ್ರಾಮ: ಬೆರ್ನಾನೋಸನ ಕಾದಂಬರಿಯೊಂದರ ವಿವೇಚನೆ

ಧರ್ಮಗುರುವಿನ ಪದವಿಯನ್ನು ಹೊತ್ತವನಿಗೆ ಎರಡು ಬಗೆಯ ಬಾಳು ಅನಿವಾರ್ಯವಾಗಿರುತ್ತದೆ. ಒಂದು, ಲೋಕವು ಕಾಣುವ ಬಾಳು. ಮತ್ತೊಂದು, ಆತನೊಬ್ಬನೇ ಅರಿತಿರುವ ಬಾಳು. ಊರಿನವರ ದುಃಖ, ಪಶ್ಚಾತ್ತಾಪ, ಮರಣಭಯಗಳೆಲ್ಲವೂ ಆತನ ಬಾಗಿಲಿಗೆ ಬಂದು ನಿಲ್ಲುತ್ತವೆ. ಆದರೆ ಆತನ ದುಃಖವು ಯಾರ ಬಾಗಿಲನ್ನು ತಟ್ಟಬೇಕು? ಪ್ರಾರ್ಥಿಸಿರೆಂದು ಪರರಿಗೆ ಹೇಳುವವನಿಗೆ ತಾನೇ ಪ್ರಾರ್ಥಿಸಲಾಗದ ರಾತ್ರಿಗಳು ಬಂದರೆ ಆತನು ಮಾಡಬೇಕಾದುದೇನು? ಈ ಪ್ರಶ್ನೆಗಳನ್ನು ಶಾಸ್ತ್ರಗ್ರಂಥಗಳು ಎತ್ತಿಕೊಂಡದ್ದು ಕಡಮೆ. ಅವುಗಳನ್ನು ಎತ್ತಿಕೊಂಡು ಕೊನೆಯವರೆಗೆ ಕೈಬಿಡದೆ ಶೋಧಿಸಿದ ಕೃತಿಗಳಲ್ಲಿ ಫ್ರೆಂಚ್ ಲೇಖಕ ಜಾರ್ಜ್ ಬೆರ್ನಾನೋಸನ ‘ಹಳ್ಳಿಯ ಪಾದ್ರಿಯೊಬ್ಬನ ದಿನಚರಿ’ ಎಂಬ ಅರ್ಥದ ಹೆಸರುಳ್ಳ ಕಾದಂಬರಿಗೆ ಹಿರಿಯ ಸ್ಥಾನ ಸಲ್ಲುತ್ತದೆ. 1936ರಲ್ಲಿ ಪ್ರಕಟವಾದ ಈ ಕೃತಿಗೆ ಅದೇ ವರ್ಷ ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿ ದೊರೆಯಿತು. ಇದನ್ನು ಸಾಮಾನ್ಯವಾಗಿ ಸಂತನೊಬ್ಬನ ಯಾತನೆಯ ಚಿತ್ರವೆಂದು ಓದುವುದು ವಾಡಿಕೆಯಾಗಿದೆ. ಆ ಓದು ಸುಳ್ಳಲ್ಲವಾದರೂ ಪೂರ್ಣವಲ್ಲವೆಂಬುದನ್ನು ಪರಿಶೀಲಿಸುವುದು ಅವಶ್ಯ.

ಕೃತಿಯ ಒಳಹೊಕ್ಕು ನೋಡುವ ಮೊದಲು ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಪಾದ್ರಿಯ ಸ್ಥಾನವೇನೆಂಬುದನ್ನು ಅರಿಯಬೇಕು. ನಾಲ್ಕನೆಯ ಶತಮಾನದ ಆರಂಭದಲ್ಲಿ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದ ಹಿಂಸೆಗೆ ಹೆದರಿ ಕೆಲವು ಧರ್ಮಾಧಿಕಾರಿಗಳು ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಹಿಂಸೆಯು ನಿಂತ ಮೇಲೆ ಉತ್ತರ ಆಫ್ರಿಕದಲ್ಲಿ ದೊಡ್ಡದೊಂದು ವಿವಾದವೆದ್ದಿತು. ಹೀಗೆ ಪತಿತನಾದವನು ನೀಡಿದ ಸಂಸ್ಕಾರಕ್ಕೆ ಬೆಲೆಯುಂಟೆ? ಇಲ್ಲವೆಂದರು ಡೊನಾಟಸನ ಅನುಯಾಯಿಗಳು. ಉಂಟೆಂದು ವಾದಿಸಿದವರಲ್ಲಿ ಅಗ್ರಗಣ್ಯನು ಸಂತ ಅಗಸ್ಟೀನನು (354–430). ಸಂಸ್ಕಾರದಲ್ಲಿ ಕಾರ್ಯ ಮಾಡುವವನು ಕ್ರಿಸ್ತನೇ ಹೊರತು ಪಾದ್ರಿಯಲ್ಲ. ಕಲ್ಲಿನ ಕಾಲುವೆಯಲ್ಲಿ ಹರಿದ ನೀರು ಕಲ್ಲಿನಲ್ಲಿ ಏನನ್ನೂ ಬೆಳೆಯಿಸದಿದ್ದರೂ ತೋಟದ ಪಾತಿಗಳಿಗೆ ಫಲವನ್ನು ಕೊಡುತ್ತದೆ ಎಂಬುದು ಆತನ ವಾದದ ಸಾರ. 1547ರಲ್ಲಿ ಟ್ರೆಂಟ್ ಮಹಾಸಭೆಯು ಈ ನಿಲುವನ್ನೇ ಶಾಸನವಾಗಿ ಘೋಷಿಸಿತು.

ಈ ಸಿದ್ಧಾಂತವು ಭಕ್ತನನ್ನು ರಕ್ಷಿಸುತ್ತದೆ. ಪಾದ್ರಿಯ ಯೋಗ್ಯತೆಯನ್ನು ಅಳೆದು ನೋಡುವ ಹೊಣೆಯಿಂದ ಅವನನ್ನು ಮುಕ್ತಗೊಳಿಸುತ್ತದೆ. ಆದರೆ ಕಾಲುವೆಯ ಕಲ್ಲಿಗೆ ಬಾಯಾರಿಕೆಯಿಲ್ಲ, ಪಾದ್ರಿಯಾದರೋ ಮನುಷ್ಯನು. ತನ್ನ ಮೂಲಕ ನೀರು ಹರಿಯುತ್ತಿದ್ದರೂ ತಾನು ಒಣಗಿಯೇ ಇರುವೆನೆಂಬ ಅರಿವು ಆತನನ್ನು ಏನು ಮಾಡೀತು? ಸಿದ್ಧಾಂತವು ಈ ಪ್ರಶ್ನೆಯ ಬಳಿ ಮೌನವಾಗುತ್ತದೆ. ಬೆರ್ನಾನೋಸನ ಕಾದಂಬರಿಯು ಆ ಮೌನದಿಂದಲೇ ಮೊದಲಾಗುತ್ತದೆ.

ಬೆರ್ನಾನೋಸನು ಪಾದ್ರಿಯಾಗಿರಲಿಲ್ಲ. 1888ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈತನು ಆರು ಮಕ್ಕಳ ತಂದೆ. ಬಡತನದೊಡನೆ ಬಹುಕಾಲ ಸೆಣಸಿದವನು. ಬಾಲ್ಯದ ಬಹುಭಾಗವನ್ನು ಉತ್ತರ ಫ್ರಾನ್ಸಿನ ಆರ್ತ್ವಾ ಪ್ರಾಂತದ ಫ್ರೆಸೆಂ ಎಂಬ ಹಳ್ಳಿಯಲ್ಲಿ ಕಳೆದನು. 1933ರಲ್ಲಿ ಮೋಟಾರು ಸೈಕಲಿನ ಅಪಘಾತಕ್ಕೆ ಸಿಕ್ಕಿ ಜೀವನಪರ್ಯಂತ ಊರುಗೋಲನ್ನು ಹಿಡಿಯಬೇಕಾಯಿತು. ಮರುವರ್ಷ ಖರ್ಚು ಕಡಮೆಯೆಂಬ ಕಾರಣದಿಂದ ಕುಟುಂಬದೊಡನೆ ಸ್ಪೇನಿನ ಮಯೋರ್ಕ ದ್ವೀಪಕ್ಕೆ ಹೋಗಿ ನೆಲೆಸಿದನು. ದೂರದ ಆ ದ್ವೀಪದಲ್ಲಿ ಕುಳಿತು ಬಾಲ್ಯದ ಮಳೆ, ಕೆಸರು, ಮಂಜುಗಳ ನಾಡನ್ನು ಮನಸ್ಸಿಗೆ ತಂದುಕೊಂಡು ಬರೆದ ಕೃತಿಯಿದು. ಇದಕ್ಕೆ ಹತ್ತು ವರ್ಷ ಮೊದಲು, 1926ರಲ್ಲಿ, ‘ಸೈತಾನನ ಸೂರ್ಯನ ಕೆಳಗೆ’ ಎಂಬ ಅರ್ಥದ ಕಾದಂಬರಿಯಲ್ಲಿಯೂ ಆತನು ಪಾದ್ರಿಯೊಬ್ಬನನ್ನೇ ನಾಯಕನನ್ನಾಗಿಸಿದ್ದನು. ಆ ಪಾತ್ರದ ಹಿಂದೆ ಆರ್ಸ್ ಎಂಬ ಹಳ್ಳಿಯ ಪಾದ್ರಿ ಝಾನ್ ಮರಿ ವಿಯಾನ್ನೇಯ (1786–1859) ಛಾಯೆಯಿದೆ. ವಿಯಾನ್ನೇ ದಿನದ ಬಹುಪಾಲು ಗಂಟೆಗಳನ್ನು ಪಾಪನಿವೇದನೆಯ ಪೀಠದಲ್ಲಿ ಕಳೆದವನು. ಸಾವಿರಾರು ಜನರಿಗೆ ಶಾಂತಿಯನ್ನು ನೀಡಿದವನು. ಆದರೂ ತಾನು ಅಯೋಗ್ಯನೆಂಬ ಸಂಕಟದಿಂದ ಒಂದಕ್ಕಿಂತ ಹೆಚ್ಚು ಬಾರಿ ಆರ್ಸನ್ನು ಬಿಟ್ಟು ಓಡಿಹೋಗಲು ಯತ್ನಿಸಿದವನು. 1925ರಲ್ಲಿ ಧರ್ಮಸಭೆಯು ಆತನನ್ನು ಸಂತನೆಂದು ಘೋಷಿಸಿತು. 1929ರಲ್ಲಿ ಧರ್ಮಕೇಂದ್ರಗಳ ಪಾದ್ರಿಗಳೆಲ್ಲರ ಪಾಲಕ ಸಂತನೆಂದು ಸಾರಿತು. ಓಡಿಹೋಗಬಯಸಿದವನೇ ಪಾಲಕನಾದುದು ಈ ವೃತ್ತಿಯ ಅಂತರಂಗವನ್ನು ಕುರಿತು ಬಹಳಷ್ಟನ್ನು ಹೇಳುತ್ತದೆ.

1936ರ ಕಾದಂಬರಿಯ ನಾಯಕನಿಗೆ ಹೆಸರಿಲ್ಲ. ಗುರುದೀಕ್ಷೆಯನ್ನು ಪಡೆದು ಬಹುಕಾಲವಾಗದ ಈ ತರುಣ ಪಾದ್ರಿಗೆ ಆಂಬ್ರಿಕೂರ್ ಎಂಬ ಗ್ರಾಮವೇ ಮೊದಲನೆಯ ಧರ್ಮಕೇಂದ್ರ. ಶಾಲೆಯ ಮಕ್ಕಳು ಬಳಸುವ ಸಾಮಾನ್ಯ ನೋಟುಪುಸ್ತಕಗಳಲ್ಲಿ ಒಂದು ವರ್ಷದ ದಿನಚರಿಯನ್ನು ಬರೆದಿಡಬೇಕೆಂದು ಆತನು ಸಂಕಲ್ಪಿಸುತ್ತಾನೆ. ಆ ವರ್ಷವು ತುಂಬುವ ಮೊದಲೇ ಆತನ ಆಯುಷ್ಯವು ತೀರುತ್ತದೆ. ದಿನಚರಿಯ ರೂಪವನ್ನು ಲೇಖಕನು ಆರಿಸಿಕೊಂಡದ್ದು ಕೇವಲ ಅನುಕೂಲಕ್ಕಾಗಿ ಅಲ್ಲ. ಪರರ ಪಾಪನಿವೇದನೆಯನ್ನು ಕೇಳುವವನು ತನ್ನ ಮನಸ್ಸನ್ನು ಬಿಚ್ಚಿಡಲು ಕಾಗದವಲ್ಲದೆ ಬೇರೊಂದು ಕಿವಿಯನ್ನು ಕಾಣಲಾರನು. ನಡುವೆ ಕೆಲವು ಹಾಳೆಗಳು ಹರಿದುಹೋಗಿವೆ, ಕೆಲವು ಸಾಲುಗಳು ಹೊಡೆದುಹಾಕಲ್ಪಟ್ಟಿವೆ ಎಂದು ಕೃತಿಯಲ್ಲಿ ಸೂಚಿತವಾಗಿದೆ. ಕಾಗದಕ್ಕೂ ಹೇಳಲಾಗದ ದಿನಗಳು ಇದ್ದವೆಂಬುದನ್ನು ಆ ಖಾಲಿ ಜಾಗಗಳೇ ಹೇಳುತ್ತವೆ.

ಈ ಪಾದ್ರಿಯ ಸಂಕಟಗಳನ್ನು ಬಿಡಿಸಿ ನೋಡಿದರೆ ಅವು ಒಂದರೊಳಗೊಂದು ಹೆಣೆದುಕೊಂಡಿರುವುದು ಕಾಣುತ್ತದೆ. ಮೊದಲನೆಯದು ಊರಿನ ಜಡತೆ. ಜನರು ದುಷ್ಟರಲ್ಲ, ಬೇಸರದಲ್ಲಿ ಮುಳುಗಿದವರು. ಕಣ್ಣಿಗೆ ಕಾಣದ ಧೂಳಿನಂತೆ ಆ ಬೇಸರವು ಎಲ್ಲರ ಮೇಲೂ ಕೂಡುತ್ತಿರುವುದನ್ನು ಪಾದ್ರಿಯು ದಿನಚರಿಯ ಆರಂಭದಲ್ಲಿಯೇ ಗುರುತಿಸುತ್ತಾನೆ. ಎರಡನೆಯದು ಬಡತನ. 1905ರ ಶಾಸನದಿಂದ ಫ್ರಾನ್ಸಿನಲ್ಲಿ ಧರ್ಮಸಭೆಯೂ ರಾಜ್ಯವೂ ಬೇರ್ಪಟ್ಟು, ಅಲ್ಲಿಯವರೆಗೆ ಪಾದ್ರಿಗಳಿಗೆ ಸರ್ಕಾರದಿಂದ ಬರುತ್ತಿದ್ದ ಸಂಬಳವು ನಿಂತುಹೋಗಿತ್ತು. ಅಂದಿನಿಂದ ಹಳ್ಳಿಯ ಪಾದ್ರಿಯು ಊರವರ ಕಾಣಿಕೆಯನ್ನೇ ನಂಬಿ ಬದುಕಬೇಕಾಯಿತು. ಮೂರನೆಯದು ದೇಹದ ಬೇನೆ. ಹೊಟ್ಟೆಯಲ್ಲಿ ಬೇರೇನೂ ನಿಲ್ಲದ ಕಾರಣ ಒಣರೊಟ್ಟಿಯನ್ನು ಸಕ್ಕರೆ ಬೆರೆಸಿದ ಕಳಪೆ ದ್ರಾಕ್ಷಾರಸದಲ್ಲಿ ನೆನೆಸಿ ತಿಂದು ಆತನು ದಿನ ಕಳೆಯುತ್ತಾನೆ. ಊರು ಆತನನ್ನು ಕುಡುಕನೆಂದು ಕರೆಯುತ್ತದೆ. ರೋಗವೇ ಅಪವಾದವಾಗಿ ಪರಿಣಮಿಸುವ ಈ ಭಾಗವು ಕೃತಿಯ ಅತ್ಯಂತ ಕರುಣಾಜನಕ ಭಾಗಗಳಲ್ಲಿ ಒಂದು.

ನಾಲ್ಕನೆಯದು ಒಂಟಿತನ. ಧರ್ಮೋಪದೇಶದ ತರಗತಿಯಲ್ಲಿ ಪರಮಪ್ರಸಾದದ ವಿಷಯವನ್ನು ಚೆನ್ನಾಗಿ ಅರಿತಂತೆ ತೋರುವ ಸೆರಾಫಿತಾ ಎಂಬ ಹುಡುಗಿಯನ್ನು ಕಂಡು ಆತನು ಸಂತೋಷಪಡುತ್ತಾನೆ. ಪಾಠಕ್ಕೆ ಗಮನ ಕೊಡುವುದು ತಮ್ಮ ಕಣ್ಣುಗಳು ಚೆನ್ನಾಗಿರುವುದರಿಂದ ಎಂದು ಅವಳು ಹೇಳಿದಾಗ ಬಾಗಿಲ ಹಿಂದೆ ಅಡಗಿದ್ದ ಮಕ್ಕಳು ನಗುತ್ತಾರೆ. ಊರನ್ನು ಬಿಟ್ಟು ಹೋಗೆಂದು ಹೆಸರಿಲ್ಲದ ಪತ್ರವೊಂದು ಬರುತ್ತದೆ. ಆ ಕೈಬರಹವು ತಪ್ಪದೆ ಬಲಿಪೂಜೆಗೆ ಬರುವ ಲೂಯೀಝ್ ಎಂಬ ಶಿಕ್ಷಕಿಯದೆಂಬುದನ್ನು ಅವಳ ಪ್ರಾರ್ಥನಾ ಪುಸ್ತಕದಿಂದ ಆತನು ಅರಿಯುತ್ತಾನೆ. ಇವೆಲ್ಲಕ್ಕಿಂತ ದಾರುಣವಾದುದು ಐದನೆಯದು, ಪ್ರಾರ್ಥನೆಯು ಬತ್ತಿಹೋಗುವುದು. ದೇವರಿಲ್ಲವೆಂಬ ತರ್ಕವೇನೂ ಆತನಲ್ಲಿ ಹುಟ್ಟುವುದಿಲ್ಲ. ಪ್ರಾರ್ಥಿಸಬೇಕೆಂಬ ಹಂಬಲವು ಉಳಿದಿರುತ್ತದೆ. ಪ್ರಾರ್ಥನೆಯು ಮಾತ್ರ ಕೈಗೆ ಸಿಗುವುದಿಲ್ಲ. ಶ್ರದ್ಧೆಯು ನಾಶವಾಗುವುದಕ್ಕೂ ಶ್ರದ್ಧೆಯ ಸವಿಯು ಮಾಯವಾಗುವುದಕ್ಕೂ ಇರುವ ಅಂತರವನ್ನು ಬೆರ್ನಾನೋಸನು ಇಲ್ಲಿ ಬಹು ಸೂಕ್ಷ್ಮವಾಗಿ ಎಳೆದಿದ್ದಾನೆ.

ಇಂತಹ ಸ್ಥಿತಿಯಲ್ಲಿರುವವನಿಂದಲೇ ಕೃತಿಯ ಮಹತ್ಕಾರ್ಯವು ನಡೆಯುತ್ತದೆ. ಊರಿನ ದೊಡ್ಡ ಮನೆಯ ಯಜಮಾನಿ, ಕೌಂಟನ ಪತ್ನಿ, ಒಂದೂವರೆ ವರ್ಷದ ಗಂಡುಮಗುವನ್ನು ಕಳೆದುಕೊಂಡವಳು. ಪತಿಗೆ ಲೂಯೀಝಳೊಡನೆ ಸಂಬಂಧವಿದೆ. ಮಗಳು ಶಾಂತಾಲ್ ದ್ವೇಷದಿಂದ ಉರಿಯುತ್ತಿದ್ದಾಳೆ. ತಾಯಿಯು ಇವಾವುದನ್ನೂ ಲೆಕ್ಕಿಸದೆ ಸತ್ತ ಮಗುವಿನ ನೆನಪೊಂದನ್ನೇ ಅಪ್ಪಿಕೊಂಡು ಕಲ್ಲಾಗಿದ್ದಾಳೆ. ಆಚಾರಗಳನ್ನು ಕ್ರಮವಾಗಿ ಪಾಲಿಸುತ್ತಲೇ ಮಗುವನ್ನು ಕಸಿದುಕೊಂಡ ದೇವರನ್ನು ಒಳಗೊಳಗೆ ದ್ವೇಷಿಸುತ್ತಿದ್ದಾಳೆ. ಪಾದ್ರಿಯು ಆ ಕಲ್ಲನ್ನು ಮಾತಿನಿಂದ ಒಡೆಯುತ್ತಾನೆ. ಬಹುಕಾಲದ ಹೋರಾಟದ ತರುವಾಯ ಅವಳು ಶರಣಾಗುತ್ತಾಳೆ. ಮಗುವಿನ ಕೂದಲಿದ್ದ ಪದಕವನ್ನು ಬೆಂಕಿಗೆ ಎಸೆಯುತ್ತಾಳೆ. ಪಾದ್ರಿಯು ಬೆಂಕಿಯೊಳಕ್ಕೆ ಕೈ ಹಾಕಿ ಅದನ್ನು ತೆಗೆಯಲು ಹೋಗುತ್ತಾನೆ. ದೇವರು ಕೇಳುವುದು ಪ್ರೀತಿಯ ಬಲಿಯನ್ನಲ್ಲವೆಂಬ ವಿವೇಕವು ಆ ಒಂದು ಚೇಷ್ಟೆಯಲ್ಲಿ ಅಡಗಿದೆ. ತನಗೆ ಶಾಂತಿ ದೊರೆತುದನ್ನು ತಿಳಿಸಿ ಅವಳು ಪತ್ರವನ್ನು ಬರೆದು ಕಳುಹಿಸುತ್ತಾಳೆ. ಅದೇ ರಾತ್ರಿ ಹೃದಯಾಘಾತದಿಂದ ತೀರಿಕೊಳ್ಳುತ್ತಾಳೆ.

ಮರುದಿನ ಅವಳ ಶವದ ಬಳಿ ನಿಂತ ಪಾದ್ರಿಗೆ ಒಂದು ಆಶ್ಚರ್ಯವು ಹೊಳೆಯುತ್ತದೆ. ತನ್ನಲ್ಲಿಲ್ಲದ ಶಾಂತಿಯನ್ನು ತಾನು ಆಕೆಗೆ ಕೊಟ್ಟುದು ಹೇಗೆ? ಬರಿಗೈಯವನು ಕೊಡುವುದೆಂತು? ಅಗಸ್ಟೀನನ ಕಲ್ಲಿನ ಕಾಲುವೆಯು ಇಲ್ಲಿ ಮಾತನಾಡತೊಡಗಿದೆ. ಆದರೆ ಸಿದ್ಧಾಂತದಲ್ಲಿ ನಿಯಮವಾಗಿದ್ದುದು ಇಲ್ಲಿ ಬೆರಗಾಗಿದೆ. ಇನ್ನೊಂದು ವ್ಯತ್ಯಾಸವೂ ಗಮನಾರ್ಹ. ಪಾದ್ರಿಯು ಬರಿದಾಗಿದ್ದರೂ ಕೊಟ್ಟನೋ, ಬರಿದಾಗಿದ್ದುದರಿಂದಲೇ ಕೊಡಬಲ್ಲವನಾದನೋ ಎಂಬ ಪ್ರಶ್ನೆಯನ್ನು ಲೇಖಕನು ಬಿಡಿಸದೆ ಬಿಟ್ಟಿದ್ದಾನೆ. ಸಂತೃಪ್ತನಾದ ಧರ್ಮಗುರುವೊಬ್ಬನು ಆ ತಾಯಿಯ ದ್ವೇಷವನ್ನು ಗುರುತಿಸುತ್ತಲೂ ಇರಲಿಲ್ಲವೇನೋ ಎಂಬ ಭಾವನೆ ವಾಚಕನಲ್ಲಿ ಉಳಿಯುತ್ತದೆ. ಈ ಕಾರ್ಯಕ್ಕೆ ಪಾದ್ರಿಗೆ ದೊರೆತ ಪ್ರತಿಫಲವಾದರೋ ಅಪವಾದ. ಕಿಟಕಿಯ ಬಳಿಯಿಂದ ಅರೆಬರೆಯಾಗಿ ಆಲಿಸಿದ್ದ ಶಾಂತಾಲಳು ಸಂಭಾಷಣೆಯನ್ನು ತಿರುಚಿ ಹಬ್ಬಿಸುತ್ತಾಳೆ. ತಾಯಿಯ ಸಾವಿಗೆ ಪಾದ್ರಿಯ ಕ್ರೌರ್ಯವೇ ಕಾರಣವೆಂಬ ಮಾತು ಹುಟ್ಟುತ್ತದೆ. ಆ ಪತ್ರವೊಂದನ್ನು ತೋರಿಸಿದ್ದರೆ ಸಾಕಿತ್ತು, ಆತನು ತೋರಿಸುವುದಿಲ್ಲ.

ಇಲ್ಲಿಯೇ ಒಂದು ಆಕ್ಷೇಪವು ಏಳುತ್ತದೆ. ಇಂತಹ ಕಥೆಯು ಯಾತನೆಯನ್ನು ವೈಭವೀಕರಿಸುವುದಿಲ್ಲವೆ? ಧರ್ಮಗುರುವು ಉಪವಾಸವಿರಲಿ, ಅಪಮಾನಿತನಾಗಲಿ, ಒಂಟಿಯಾಗಿ ಸಾಯಲಿ. ಅದೇ ಆತನ ಪಾವನತ್ವವೆಂದು ಹೇಳಿದರೆ, ಆತನನ್ನು ಕಾಪಾಡಬೇಕಾಗಿದ್ದ ಸಂಸ್ಥೆಯ ಹೊಣೆಯನ್ನು ಮರೆಸಿದಂತಾಗುವುದಿಲ್ಲವೆ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕಾದಂಬರಿಯನ್ನು ಭಕ್ತಿಯಿಂದ ಓದಿದವರಲ್ಲಿ ಅನೇಕರು ಈ ಬಲೆಗೆ ಬಿದ್ದಿದ್ದಾರೆ. ಆದರೆ ಕೃತಿಯು ಬಿದ್ದಿಲ್ಲ. ಲೇಖಕನು ಜಾಗರೂಕನಾಗಿ ಸಾಕ್ಷ್ಯಗಳನ್ನು ಇರಿಸುತ್ತ ಹೋಗಿದ್ದಾನೆ. ಮೇಲಧಿಕಾರಿಗಳು ಅಂಗಡಿಯ ಸಾಲದ ವಿಚಾರವಾಗಿ ಉಪದೇಶಿಸುತ್ತಾರೆ, ಊರ ಪ್ರಮುಖರ ಮರ್ಯಾದೆಯ ವಿಚಾರವಾಗಿ ಎಚ್ಚರಿಸುತ್ತಾರೆ. ಎದುರಿಗಿರುವ ತರುಣನು ದಿನೇ ದಿನೇ ಕೃಶನಾಗುತ್ತಿರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಆತನನ್ನು ಪ್ರೀತಿಸುವ ತೋರ್ಸಿಯ ಹಿರಿಯ ಪಾದ್ರಿಯೊಬ್ಬನು ಮಾತ್ರ ಗದರಿಸುತ್ತಾನೆ, ಸಂತೈಸುತ್ತಾನೆ. ಶುಭಸಂದೇಶದ ಕಥೆಯಲ್ಲಿ ಪ್ರತಿಯೊಬ್ಬನಿಗೂ ಒಂದು ನೆಲೆಯುಂಟೆಂದು ತಿಳಿಹೇಳುವವನೂ ಆತನೇ. ತನ್ನ ನೆಲೆಯು ಕ್ರಿಸ್ತನು ಮರಣದ ಮುನ್ನಾ ರಾತ್ರಿ ಬೆವರು ಸುರಿಸಿ ಪ್ರಾರ್ಥಿಸಿದ ಗೆತ್ಸೆಮನಿ ತೋಟವೆಂಬುದು ತರುಣನಿಗೆ ಹೊಳೆಯುತ್ತದೆ. ಗಟ್ಟಿಗನಾದ ಆ ಹಿರಿಯನೂ ತನ್ನ ಗೆಳೆಯ ವೈದ್ಯ ದೆಲ್ಬಾಂದನ ಸಾವಿನೆದುರು ಕುಸಿಯುತ್ತಾನೆ. ಬಂದೂಕಿನ ಗುಂಡಿನಿಂದ ಸಂಭವಿಸಿದ ಆ ಸಾವು ಅಪಘಾತವೋ ಆತ್ಮಹತ್ಯೆಯೋ ಎಂಬ ಸಂದೇಹವು ಉಳಿದೇ ಹೋಗುತ್ತದೆ. ಪಾದ್ರಿಗಳಲ್ಲಿ ಬಲಿಷ್ಠರೂ ಒಳಗೆ ಒಂಟಿಗಳೇ ಎಂಬುದನ್ನು ಈ ಪ್ರಸಂಗವು ಮನಗಾಣಿಸುತ್ತದೆ.

ಯಾತನೆಯೇ ಕೃತಿಯ ಗುರಿಯಲ್ಲವೆಂಬುದಕ್ಕೆ ಮತ್ತೊಂದು ಪ್ರಬಲ ಸಾಕ್ಷ್ಯವಿದೆ. ವೈದ್ಯರನ್ನು ಕಾಣಲು ಲೀಲ್ ನಗರಕ್ಕೆ ಹೊರಡುವ ಮುನ್ನ ಪಾದ್ರಿಗೆ ಶಾಂತಾಲಳ ಸೋದರಬಂಧುವಾದ ಒಲಿವಿಯೇ ಎಂಬ ಸೈನಿಕನ ಭೇಟಿಯಾಗುತ್ತದೆ. ಆತನು ತನ್ನ ಮೋಟಾರು ಸೈಕಲಿನಲ್ಲಿ ಪಾದ್ರಿಯನ್ನು ಕೂರಿಸಿಕೊಂಡು ವೇಗವಾಗಿ ಓಡಿಸುತ್ತಾನೆ. ಆ ಕೆಲವು ನಿಮಿಷಗಳಲ್ಲಿ ಪಾದ್ರಿಯು ತಾನೂ ತರುಣನೆಂಬುದನ್ನು ಮೊದಲ ಬಾರಿಗೆ ಅರಿಯುತ್ತಾನೆ. ಸಂತೋಷವು ತನಗೂ ಸಲ್ಲುವ ವಸ್ತುವೆಂಬುದನ್ನು ಕಾಣುತ್ತಾನೆ. ಅಂತಹ ವಾಹನದಿಂದಲೇ ಅಂಗಹೀನನಾದ ಲೇಖಕನು ಅದನ್ನೇ ಈ ಸಂತೋಷದ ಸಾಧನವನ್ನಾಗಿ ಆರಿಸಿಕೊಂಡಿರುವುದು ಸಣ್ಣ ಸಂಗತಿಯಲ್ಲ.

ಲೀಲ್ ನಗರದಲ್ಲಿ ನಡೆಯುವುದು ಕೃತಿಯ ಉತ್ತರಾರ್ಧದ ಮುಖ್ಯ ಘಟನೆ. ಬೇರೊಬ್ಬ ವೈದ್ಯನನ್ನು ಕಾಣಬೇಕಾಗಿದ್ದ ಪಾದ್ರಿಯು ತಪ್ಪಿ ಲಾವಿಲ್ ಎಂಬಾತನ ಬಳಿಗೆ ಹೋಗುತ್ತಾನೆ. ಸ್ವತಃ ಮರಣದ ದಾರಿಯಲ್ಲಿರುವ, ಮಾರ್ಫಿನ್ನಿಗೆ ದಾಸನಾದ ಆ ವೈದ್ಯನ ಬಾಯಿಂದ ತನಗೆ ಜಠರದ ಕ್ಯಾನ್ಸರ್ ಎಂಬುದನ್ನು ತಿಳಿಯುತ್ತಾನೆ. ಅಲ್ಲಿಂದ ಗುರುಮಠದ ದಿನಗಳ ಸಹಪಾಠಿ ದ್ಯುಫ್ರೆತಿಯ ಕೋಣೆಗೆ ಬರುತ್ತಾನೆ. ದ್ಯುಫ್ರೆತಿಯು ಪಾದ್ರಿವೃತ್ತಿಯನ್ನು ತ್ಯಜಿಸಿದವನು. ಕಸಗುಡಿಸುವ ಕೂಲಿಯಿಂದ ತನ್ನನ್ನು ಸಾಕುತ್ತಿರುವ ಹೆಣ್ಣೊಬ್ಬಳೊಡನೆ ವಾಸಿಸುತ್ತಿರುವವನು. ತಾನು ಹೊರಬಂದುದು ಬೌದ್ಧಿಕ ಕಾರಣಗಳಿಗಾಗಿ ಎಂದು ತನ್ನನ್ನೇ ವಂಚಿಸಿಕೊಳ್ಳುವವನು. ಆ ಹೆಣ್ಣು, ಇವನು ಎಂದಾದರೂ ಮರಳಿ ಪಾದ್ರಿಯಾಗಬಯಸಿದರೆ ತಾನು ಅಡ್ಡಿಯಾಗಬಾರದೆಂದು ಮದುವೆಯನ್ನೇ ನಿರಾಕರಿಸಿದ್ದಾಳೆ. ಆ ರಾತ್ರಿಯೇ ನಾಯಕನು ರಕ್ತಕಾರಿ ಸಾವಿನಂಚಿಗೆ ಬರುತ್ತಾನೆ. ಹೇಳಿಕಳುಹಿಸಿದ ಪಾದ್ರಿಯು ಬರುವುದು ತಡವಾಗುತ್ತದೆ. ಆಗ ಆತನು ದ್ಯುಫ್ರೆತಿಯಿಂದಲೇ ಪಾಪವಿಮೋಚನೆಯನ್ನು ಬೇಡಿ ಪಡೆಯುತ್ತಾನೆ.

ಪತಿತನಿಂದ ಪಡೆದ ವಿಮೋಚನೆಗೆ ಬೆಲೆಯುಂಟೆ? ಮರಣಾಸನ್ನನಾದವನಿಗೆ ಪದಚ್ಯುತನಾದ ಪಾದ್ರಿಯೂ ಪಾಪವಿಮೋಚನೆಯನ್ನು ಸಿಂಧುವಾಗಿ ನೀಡಬಹುದೆಂಬುದು 1917ರ ಧರ್ಮಸಭಾ ಶಾಸನಸಂಹಿತೆಯಲ್ಲಿಯೂ ಇತ್ತು. 1983ರ ಪರಿಷ್ಕೃತ ಸಂಹಿತೆಯಲ್ಲಿಯೂ ಇದೆ. ಆದರೆ ಬೆರ್ನಾನೋಸನ ದೃಷ್ಟಿ ಶಾಸನಕ್ಕಿಂತ ಆಳವಾದುದು. ಕೌಂಟನ ಪತ್ನಿಗೆ ಈತನು ಬರಿಗೈಯಿಂದ ಶಾಂತಿಯನ್ನು ಕೊಟ್ಟನು. ಈಗ ತನಗಿಂತಲೂ ಬರಿದಾದ ಕೈಯಿಂದ ಅದನ್ನೇ ಪಡೆಯುತ್ತಾನೆ. ಈ ಎರಡು ಪ್ರಸಂಗಗಳನ್ನು ಒಂದಕ್ಕೊಂದು ಎದುರಾಗಿ ಇರಿಸಿ ಓದಿದಾಗ ಕಾದಂಬರಿಯ ನಿಜವಾದ ಬಂಧವು ಗೋಚರಿಸುತ್ತದೆ. ಮೊದಲನೆಯದರಲ್ಲಿ ಸಿದ್ಧಾಂತವು ಆತನನ್ನು ಬೆರಗುಗೊಳಿಸಿತು. ಎರಡನೆಯದರಲ್ಲಿ ಆತನನ್ನು ಉಳಿಸಿತು. ಕೊಡುವವನಾಗಿಯೇ ಬಾಳಿದವನು ಕೊಳ್ಳುವವನಾದನು. ಧರ್ಮಗುರುವು ತಾನೂ ಒಬ್ಬ ಭಕ್ತನಾಗಿ, ಮತ್ತೊಬ್ಬನ ಮುಂದೆ ಕೈಯೊಡ್ಡಿದಾಗ ಮಾತ್ರ ಆತನ ಒಂಟಿತನವು ಕರಗಿತು.

ದಿನಚರಿಯ ಕೊನೆಯ ಪುಟಗಳಲ್ಲಿ ಪಾದ್ರಿಯು ತನ್ನೊಡನೆ ತಾನು ಸಂಧಿ ಮಾಡಿಕೊಳ್ಳುತ್ತಾನೆ. ತನ್ನನ್ನು ತಾನು ದ್ವೇಷಿಸುವುದು ಸುಲಭ. ಅದನ್ನು ವೈರಾಗ್ಯವೆಂದು ಭ್ರಮಿಸುವುದು ಇನ್ನೂ ಸುಲಭ. ನೋವುಂಡ ಸಾಮಾನ್ಯ ಜೀವಿಗಳಲ್ಲಿ ತಾನೂ ಒಬ್ಬನೆಂದು ತಿಳಿದು ತನ್ನನ್ನು ವಿನಯದಿಂದ ಪ್ರೀತಿಸಿಕೊಳ್ಳುವುದೇ ದುರ್ಲಭವಾದ ಕೃಪೆ ಎಂಬ ನಿಲುವಿಗೆ ಆತನು ಬರುತ್ತಾನೆ. ಆತನ ಅಂತಿಮ ಉದ್ಗಾರವು ಸಕಲವನ್ನೂ ಕೃಪೆಯೆಂದು ಸ್ವೀಕರಿಸುವ ಭಾವದ್ದು. ಅದರ ಮೂಲವು ಲಿಸ್ಯೂವಿನ ಸಂತ ತೆರೇಸಳಲ್ಲಿದೆ (1873–1897). ಆ ತರುಣ ಸನ್ಯಾಸಿನಿಯೂ ಕ್ಷಯರೋಗದಿಂದ ನರಳುತ್ತ ಕೊನೆಯ ಒಂದೂವರೆ ವರ್ಷವನ್ನು ಶ್ರದ್ಧೆಯ ಕಗ್ಗತ್ತಲೆಯಲ್ಲಿ ಕಳೆದವಳೆಂಬುದನ್ನು ನೆನೆದರೆ ಆ ಉದ್ಗಾರದ ತೂಕವು ತಿಳಿಯುತ್ತದೆ.

ಕೃತಿಯಲ್ಲಿ ದೋಷಗಳಿಲ್ಲದಿಲ್ಲ. ತೋರ್ಸಿಯ ಪಾದ್ರಿಯ ದೀರ್ಘ ಭಾಷಣಗಳಲ್ಲಿ ಪಾತ್ರವು ಹಿಂದೆ ಸರಿದು ಲೇಖಕನೇ ಮುಂದೆ ನಿಲ್ಲುತ್ತಾನೆ. ಎಲ್ಲೆಡೆ ತಡವರಿಸುವ ತರುಣನು ಕೌಂಟನ ಮನೆಯಲ್ಲಿ ಏಕಾಏಕಿ ವಾಗ್ಮಿಯಾಗುವುದನ್ನು ಕೃಪೆಯೆಂದು ಒಪ್ಪಬಹುದಾದರೂ ಕಲೆಯ ದೃಷ್ಟಿಯಿಂದ ಅದು ಅವಸರವೆನಿಸುತ್ತದೆ. ಲೂಯೀಝಳ ಪರಾಧೀನ ಬದುಕಿನ ಕಡೆಗೆ ಲೇಖಕನ ಅನುಕಂಪವು ಹರಿದಿಲ್ಲ. ಶಾಂತಾಲಳು ಹುಡುಗಿಯಾಗಿ ತೋರುವುದಕ್ಕಿಂತ ಅಹಂಕಾರದ ಪ್ರತಿಮೆಯಾಗಿಯೇ ಹೆಚ್ಚು ತೋರುತ್ತಾಳೆ. 1951ರಲ್ಲಿ ಈ ಕಾದಂಬರಿಯನ್ನು ಚಲಚ್ಚಿತ್ರಕ್ಕೆ ಅಳವಡಿಸಿದ ರಾಬರ್ಟ್ ಬ್ರೆಸಾನನು ಭಾಷಣಗಳನ್ನು ಬಹುಮಟ್ಟಿಗೆ ಕತ್ತರಿಸಿ, ಬರೆಯುವ ಕೈ, ನೋಟುಪುಸ್ತಕ, ಕೃಶವಾದ ಮುಖ ಇಷ್ಟರಿಂದಲೇ ಕಥೆಯನ್ನು ನಡೆಸಿದುದು ಒಂದು ಬಗೆಯ ವಿಮರ್ಶೆಯೇ ಆಗಿದೆ.

ಬೆರ್ನಾನೋಸನು 1948ರಲ್ಲಿ ತೀರಿಕೊಂಡನು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪಾದ್ರಿಗಳ ಸೇವೆ ಮತ್ತು ಜೀವನವನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಒಂಟಿತನದಿಂದ ಒದಗುವ ಅಪಾಯಗಳನ್ನು ನೆನೆದು, ಪಾದ್ರಿಗಳು ಸಾಧ್ಯವಿದ್ದೆಡೆ ಒಂದು ಬಗೆಯ ಸಹಜೀವನವನ್ನು ನಡೆಸಲೆಂದು ಸಲಹೆ ಮಾಡಿತು. ಆಂಬ್ರಿಕೂರಿನ ಪಾದ್ರಿಗೆ ಅಂತಹ ಒಂದು ಪಂಕ್ತಿಯಲ್ಲಿ ಊಟಕ್ಕೆ ಎಡೆ ದೊರೆತಿದ್ದರೆ ಆತನ ರೋಗವನ್ನು ಯಾರಾದರೊಬ್ಬರು ಬೇಗನೆ ಗುರುತಿಸುತ್ತಿದ್ದರು. ಅಂತರಂಗದ ಕತ್ತಲೆಯು ಯಾವ ಶಾಸನದಿಂದಲೂ ಹೋಗತಕ್ಕುದಲ್ಲ. ಅದು ಸಾಧಕನ ಪಾಲಿನದು. ಆದರೆ ಹಸಿವು, ಅಪವಾದ, ಮದ್ದಿಲ್ಲದ ಬೇನೆ ಇವು ಸಾಧನೆಗಳಲ್ಲ; ಸುತ್ತಲಿನವರ ಉಪೇಕ್ಷೆಯ ಫಲಗಳು. ಬೆರ್ನಾನೋಸನ ಕೃತಿಯು ಇವೆರಡನ್ನೂ ಒಬ್ಬನೇ ಮನುಷ್ಯನಲ್ಲಿ ತೋರಿಸಿದರೂ ಒಂದನ್ನು ಮತ್ತೊಂದೆಂದು ಹೇಳಿಲ್ಲ. ಗುರುವಿನಿಂದ ಸಾಂತ್ವನವನ್ನು ಪಡೆದು ಮನೆಗೆ ಮರಳುವ ಭಕ್ತನು, ಆ ಗುರುವು ಇಂದು ಉಂಡನೆ ಎಂದು ಒಮ್ಮೆಯಾದರೂ ಕೇಳಬೇಕಾದ ಹೊಣೆಯನ್ನು ಈ ಕಾದಂಬರಿಯು ವಾಚಕನ ಮೇಲೆ ಹೊರಿಸುತ್ತದೆ.